ಬಾಬಾಸಾಹೇಬರ ಮುನ್ನುಡಿ ಮತ್ತು ನಮ್ಮ ಬಾಯಿಪಾಠ

ಒಂದು ಏಪ್ರಿಲ್‌ನಲ್ಲಿ ನಮ್ಮ ಕೇರಿಯ ಜಯಂತಿಗೆ ನಮ್ಮನ್ನೇ ಭಾಷಣಕ್ಕೆ ಕರೆದರು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಕಾಲು ನಮ್ಮದು ಅನ್ನುವ ಒಂದೇ ಅರ್ಹತೆಗೆ ಕರೆದರು. ಮೈಕು ಕೈಗೆ ಬಂತು. ಆರ್ಯರು ಕುದುರೆ ಏರಿ ಬಂದರು, ಈ ನೆಲದ ಮೂಲದವರಾದ ನಮ್ಮನ್ನು ಸೋಲಿಸಿ ಊರಾಚೆಗೆ ತಳ್ಳಿದರು, ಇದನ್ನು ಬಾಬಾಸಾಹೇಬರೇ ಸಾಬೀತು ಮಾಡಿದ್ದಾರೆ ಎಂದು ಗುಡುಗಿದೆವು. ಚಪ್ಪಾಳೆ ಬಿತ್ತು. ಕೆಳಗಿಳಿದು ಬಂದಾಗ ನಮಗೆ ಅಕ್ಷರ ತಿದ್ದಿಸಿದ ಮೇಷ್ಟ್ರು ಟೀ ಲೋಟ ಹಿಡಿದುಕೊಂಡೇ ಕೇಳಿದರು: 'ಬಾಬಾಸಾಹೇಬ್ರು ಅದನ್ನ ಯಾವ ಪುಸ್ತಕದಲ್ಲಿ ಬರ್ದವ್ರೆ ಕಣಪ್ಪ? ನಾನೂ ಓದ್ಬೇಕು.' ನಾವು ಅರೆಗಳಿಗೆಯೂ ತಡವರಿಸಲಿಲ್ಲ. 'ಶೂದ್ರರು ಯಾರು ಅನ್ನೋ ಪುಸ್ತಕದಲ್ಲಿ ಐತೆ ಮೇಷ್ಟ್ರೇ' ಅಂದುಬಿಟ್ಟೆವು. ಆ ಪುಸ್ತಕವನ್ನು ನಾವು ಓದಿರಲಿಲ್ಲ.

ಮೇಷ್ಟ್ರು ಪುಸ್ತಕ ತರಿಸಿಕೊಡು ಅಂತ ಮತ್ತೆ ಮತ್ತೆ ಕೇಳತೊಡಗಿದ ಮೇಲೆ, ಮರ್ಯಾದೆಗೆ ಹೆದರಿ ಓದಲು ಕೂತೆವು. ಮಹಾರಾಷ್ಟ್ರ ಸರ್ಕಾರ ಹೊರತಂದ ಇಂಗ್ಲಿಷ್ ಸಂಪುಟಗಳಲ್ಲಿ ಏಳನೆಯದರಲ್ಲಿ, 1946ರ 'ಶೂದ್ರರು ಯಾರು?' ಮತ್ತು 1948ರ 'ಅಸ್ಪೃಶ್ಯರು' ಎರಡೂ ಒಟ್ಟಿಗೆ ಇವೆ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದುತ್ತ ಹೋದಂತೆ ಬೆವರಿದೆವು. ನಾವು ವೇದಿಕೆಯಲ್ಲಿ ಹೇಳಿದ್ದಕ್ಕೆ ತದ್ವಿರುದ್ಧವಾದ ಮಾತು ಅಲ್ಲಿತ್ತು. ಆರ್ಯ ಎಂಬುದೊಂದು ಜನಾಂಗ, ಅದು ಹೊರಗಿನಿಂದ ದಂಡೆತ್ತಿ ಬಂದು ದಾಸರನ್ನು ಗೆದ್ದಿತು ಎಂಬ ಪಾಶ್ಚಾತ್ಯ ಪಂಡಿತರ ವಾದವನ್ನು ಬಾಬಾಸಾಹೇಬರು ಅಲ್ಲಿ ಎಳೆಎಳೆಯಾಗಿ ಬಿಡಿಸಿ ತಿರಸ್ಕರಿಸಿದ್ದಾರೆ. ಶೂದ್ರರು ಮೊದಲು ಕ್ಷತ್ರಿಯರೇ ಆಗಿದ್ದರು, ಬ್ರಾಹ್ಮಣರೊಂದಿಗೆ ನಡೆದ ಕಾದಾಟದಲ್ಲಿ ಅವರಿಗೆ ಉಪನಯನ ನಿರಾಕರಿಸಿ ನಾಲ್ಕನೆಯ ವರ್ಣಕ್ಕೆ ಇಳಿಸಲಾಯಿತು ಎಂಬುದು ಅವರ ವಾದ. ಎರಡನೆಯ ಪುಸ್ತಕದಲ್ಲಿ, ಆ ಕಾಲದ ಮಾನವಶಾಸ್ತ್ರಜ್ಞರು ತೆಗೆದ ಮೂಗಿನ ಅಳತೆಗಳನ್ನೇ ಮುಂದಿಟ್ಟು, ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಜನಾಂಗದವರಲ್ಲ ಎನ್ನುತ್ತಾರೆ. ನಮ್ಮ ಭಾಷಣದ ಅರ್ಧ ಅಲ್ಲಿಗೇ ಬಿದ್ದುಹೋಯಿತು.

ಆದರೆ ನಮ್ಮನ್ನು ಹೆಚ್ಚು ಅಲುಗಾಡಿಸಿದ್ದು ಈ ವಾದಗಳಲ್ಲ, 'ಶೂದ್ರರು ಯಾರು?' ಪುಸ್ತಕದ ಮುನ್ನುಡಿ. ವೇದ ಶಾಸ್ತ್ರಗಳ ಬಗ್ಗೆ ಬರೆಯಲು ನಿನಗೇನು ಅಧಿಕಾರ ಎಂದು ಜನ ಕೇಳುತ್ತಾರೆಂಬುದು ಅವರಿಗೆ ಗೊತ್ತಿತ್ತು. ಅದಕ್ಕೆ ಅವರು ಕೊಟ್ಟ ಉತ್ತರವನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಸಂಸ್ಕೃತದಲ್ಲಿ ತನಗೆ ಪಾಂಡಿತ್ಯವಿಲ್ಲ ಎಂದು ಅವರು ಒಪ್ಪಿಕೊಳ್ಳುತ್ತಾರೆ. ಅಷ್ಟು ಒಪ್ಪಿಕೊಂಡು ಲೇಖನಿ ಕೆಳಗಿಡುವುದಿಲ್ಲ. ಸಂಸ್ಕೃತದಲ್ಲಿರುವ ಬಹುಪಾಲು ಗ್ರಂಥ ಇಂಗ್ಲಿಷಿನಲ್ಲಿ ಸಿಗುತ್ತದೆ, ಹದಿನೈದು ವರ್ಷ ಅದನ್ನೆಲ್ಲ ಓದಿದ್ದೇನೆ, ಈ ಕೆಲಸಕ್ಕೆ ಅಷ್ಟು ಸಾಕು ಎನ್ನುತ್ತಾರೆ.

ಈ ಒಪ್ಪಿಗೆಯ ಹಿಂದಿನ ಕತೆ ಮರೆಯಬಾರದು. ಮುಂಬೈಯ ಹೈಸ್ಕೂಲಿನಲ್ಲಿ ಹುಡುಗ ಭೀಮರಾವ್ ಸಂಸ್ಕೃತ ಕಲಿಯಲು ಹೋದಾಗ ಅಸ್ಪೃಶ್ಯನಿಗೆ ಅದನ್ನು ಕಲಿಸುವುದಿಲ್ಲ ಎಂದರು. ಪಾರ್ಸಿ ಭಾಷೆ ತೆಗೆದುಕೊಳ್ಳಬೇಕಾಯಿತು. ಬಾಗಿಲು ಹಾಕಿದವರೇ ಮುಂದೆ, ನಿನಗೆ ಒಳಗಿನದು ಗೊತ್ತಿಲ್ಲವಲ್ಲ ಎಂದು ಕೇಳುವ ಆಟ ಇದು. ಈ ಆಟವನ್ನು ಅವರು ಎರಡು ರೀತಿಯಲ್ಲಿ ಎದುರಿಸಬಹುದಿತ್ತು. ಎಲ್ಲ ಗೊತ್ತು ಎಂದು ಸುಳ್ಳು ಹೇಳಬಹುದಿತ್ತು, ಗೊತ್ತಿಲ್ಲ ಎಂದು ಸುಮ್ಮನಾಗಬಹುದಿತ್ತು. ಎರಡನ್ನೂ ಮಾಡಲಿಲ್ಲ. ಗೊತ್ತಿಲ್ಲದ್ದು ಎಷ್ಟು, ಅದನ್ನು ಯಾವುದರಿಂದ ತುಂಬಿಸಿಕೊಂಡೆ, ಎಷ್ಟು ವರ್ಷ ಹಿಡಿಯಿತು ಎಂದು ಲೆಕ್ಕ ಒಪ್ಪಿಸಿದರು. ಲೆಕ್ಕ ಒಪ್ಪಿಸಿದವನನ್ನು ಅವಮಾನ ಮಾಡುವುದು ಕಷ್ಟ.

ನಾವೇಕೆ ಹಾಗೆ ಮಾಡಲಾರೆವು? ಕಾರಣ ಇದೆ, ಅದನ್ನೂ ಹೇಳಿಬಿಡುತ್ತೇವೆ. ಮಠದ ವಿದ್ವಾಂಸ 'ನಾನು ಅಲ್ಪಜ್ಞ' ಅಂದರೆ ಸಭೆ ವಿನಯ ಎಂದು ತಲೆದೂಗುತ್ತದೆ. ನಮ್ಮ ಹುಡುಗ ಸಂದರ್ಶನದಲ್ಲಿ 'ಗೊತ್ತಿಲ್ಲ ಸಾರ್' ಅಂದರೆ ಎದುರು ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆ ನೋಟದಲ್ಲಿ ಮೀಸಲಾತಿ ಎಂಬ ನಾಲ್ಕಕ್ಷರ ಇರುತ್ತದೆ. ಒಬ್ಬನ ಅಜ್ಞಾನ ಅವನೊಬ್ಬನದು, ನಮ್ಮ ಅಜ್ಞಾನ ಇಡೀ ಕೇರಿಯದು. ಆದ್ದರಿಂದ ನಾವು ಗೊತ್ತಿಲ್ಲ ಅನ್ನುವುದನ್ನೇ ಬಿಟ್ಟೆವು. ತರಗತಿಯಲ್ಲಿ ತಲೆಯಾಡಿಸಿದೆವು, ಓದದ ಪುಸ್ತಕದ ಹೆಸರು ಹೇಳಿದೆವು. ಮೊದಲು ಅದು ಬದುಕಿಕೊಳ್ಳುವ ದಾರಿಯಾಗಿತ್ತು. ಈಗ ನಮ್ಮದೇ ಕೇರಿಯಲ್ಲಿ, ನಮ್ಮದೇ ಜನರ ಮುಂದೆ ಅದನ್ನೇ ಮಾಡಿದರೆ ಅದಕ್ಕೆ ಹೆಸರೇನು? ಕೇಳುವವರಿಗೆ ಪುಸ್ತಕ ಸಿಗುವುದಿಲ್ಲ ಎಂಬ ಧೈರ್ಯದ ಮೇಲೆ ಮಾತಾಡುವುದನ್ನು ಪುರೋಹಿತರು ಶತಮಾನಗಳಿಂದ ಮಾಡಿದ್ದಾರೆ. ಆವತ್ತು ಮೈಕಿನ ಮುಂದೆ ನಾವು ಮಾಡಿದ್ದೂ ಪೌರೋಹಿತ್ಯವೇ.

ನಮ್ಮ ಕಾವ್ಯಕ್ಕೂ ಈ ರೋಗ ತಗಲಿದೆ. 'ಐದು ಸಾವಿರ ವರ್ಷದ ಕತ್ತಲು' ಎಂದು ನಾವೇ ಒಂದು ಪದ್ಯದಲ್ಲಿ ಬರೆದುಕೊಂಡಿದ್ದೇವೆ. ಬಾಬಾಸಾಹೇಬರು ಅಸ್ಪೃಶ್ಯತೆ ಹುಟ್ಟಿದ್ದು ಸುಮಾರು ಕ್ರಿ.ಶ. 400ರ ಹೊತ್ತಿಗೆ ಎನ್ನುತ್ತಾರೆ. ಅಂದರೆ ಸಾವಿರದ ಆರುನೂರು ವರ್ಷ. ಉಳಿದ ಮೂರು ಸಾವಿರದ ನಾನೂರು ವರ್ಷವನ್ನು ನಾವು ಎಲ್ಲಿಂದ ತಂದೆವು? ಪ್ರಾಸಕ್ಕೆ ತಂದೆವು. ಇದು ಸಣ್ಣ ಮಾತಲ್ಲ. ಹುಟ್ಟಿದ ಕಾಲ ಇರುವುದಕ್ಕೆ ಸಾಯುವ ಕಾಲವೂ ಇರುತ್ತದೆ. ಅನಾದಿ ಎಂದುಬಿಟ್ಟರೆ ಅದನ್ನು ದೇವರೇ ಮಾಡಿದ ಅನ್ನುವವರ ಪಕ್ಕದಲ್ಲಿ ಹೋಗಿ ಕೂತಂತೆ.

ಹಾಗಾದರೆ ಬಾಬಾಸಾಹೇಬರು ಹೇಳಿದ್ದೆಲ್ಲ ಕೊನೆಯ ಮಾತೋ? ಇಲ್ಲಿಯೂ ನಿಲ್ಲಬೇಕು. ಒಂದು ಬಾಯಿಪಾಠ ಬಿಟ್ಟು ಇನ್ನೊಂದು ಹಿಡಿದರೆ ಓದಿದಂತಾಗಲಿಲ್ಲ. ಸೋತ ಬುಡಕಟ್ಟುಗಳ ಒಡೆದ ಜನ ಊರಾಚೆ ನೆಲೆಸಿದರು, ಅವರು ಬೌದ್ಧರಾಗಿ ಉಳಿದರು, ದನದ ಮಾಂಸ ತಿನ್ನುವುದನ್ನು ಬಿಡಲಿಲ್ಲ, ಅದರಿಂದ ಅಸ್ಪೃಶ್ಯರಾದರು ಎಂಬುದು 1948ರ ಪುಸ್ತಕದ ವಾದ. ಇದಕ್ಕೆ ಅವರು ಐರ್ಲೆಂಡ್ ಮತ್ತು ವೇಲ್ಸ್‌ನ ಹಳೆಯ ಹಳ್ಳಿಗಳ ಉದಾಹರಣೆ ಕೊಡುತ್ತಾರೆ, ಮಹಾರ್‌ಗಳ ಬದುಕಿನಿಂದ ಸಾಕ್ಷಿ ತರುತ್ತಾರೆ. ನಡುವೆ ಕೊಂಡಿ ತಪ್ಪಿದ ಕಡೆ ಊಹೆಯಿಂದ ಕಟ್ಟಿದ್ದೇನೆ ಎಂದು ಮುನ್ನುಡಿಯಲ್ಲೇ ಬಿಚ್ಚಿಡುತ್ತಾರೆ. ಊಹೆ ಎಂದು ಅವರೇ ಹೇಳಿದ್ದನ್ನು ನಾವು ವೇದವಾಕ್ಯ ಮಾಡಿದರೆ ಅವರಿಗೆ ಮಾಡುವ ಗೌರವವಲ್ಲ. ನಮ್ಮ ಸೀಮೆಯ ಹೊಲೆಯರು, ಮಾದಿಗರು, ಎಡಗೈ ಬಲಗೈ ಜಗಳ, ಇವುಗಳ ಸಾಕ್ಷಿ ಆ ಪುಸ್ತಕದಲ್ಲಿ ಹುಡುಕಿದರೆ ಸಾಲದು. ಅದನ್ನು ನಾವೇ ಹುಡುಕಿ ತರಬೇಕು.

ಅವರ ಕಾಲದ ನಂತರ ಜ್ಞಾನವೂ ಬೆಳೆದಿದೆ. ಮೂಗಿನ ಅಳತೆಯಿಂದ ಜನಾಂಗ ತೀರ್ಮಾನಿಸುವ ಶಾಸ್ತ್ರವನ್ನು ಇವತ್ತು ಯಾರೂ ನಂಬುವುದಿಲ್ಲ. 2019ರಲ್ಲಿ ಪ್ರಕಟವಾದ ಹಳೆಯ ಎಲುಬುಗಳ ಡಿಎನ್‌ಎ ಅಧ್ಯಯನ, ಮಧ್ಯ ಏಷ್ಯಾದಾಚೆಯ ಹುಲ್ಲುಗಾವಲಿನ ಪಶುಪಾಲಕರು ಕ್ರಿ.ಪೂ. 2000ದಿಂದ 1500ರ ಸುಮಾರಿಗೆ ಈ ಕಡೆ ಬಂದು ಇಲ್ಲಿಯವರೊಂದಿಗೆ ಬೆರೆತರು ಎನ್ನುತ್ತದೆ. ಅಂದರೆ ಹೊರಗಿನಿಂದ ಯಾರೂ ಬರಲೇ ಇಲ್ಲ ಎಂಬ ಮಾತು ನಿಲ್ಲುವುದಿಲ್ಲ. ಶುದ್ಧ ಜನಾಂಗವೊಂದು ಕುದುರೆ ಏರಿ ಬಂದು ಇನ್ನೊಂದು ಶುದ್ಧ ಜನಾಂಗವನ್ನು ಊರಾಚೆಗೆ ತಳ್ಳಿತು ಎಂಬ ನಮ್ಮ ಭಾಷಣವೂ ನಿಲ್ಲುವುದಿಲ್ಲ. 2013ರ ಇನ್ನೊಂದು ಅಧ್ಯಯನದ ಪ್ರಕಾರ ಸುಮಾರು 4200ರಿಂದ 1900 ವರ್ಷಗಳ ಹಿಂದಿನವರೆಗೆ ಈ ದೇಶದ ಜನ ಧಾರಾಳವಾಗಿ ಬೆರೆತಿದ್ದಾರೆ. ಆಮೇಲೆ ಬೆರಕೆ ನಿಂತು, ತಮ್ಮ ತಮ್ಮೊಳಗೇ ಮದುವೆ ಎಂಬ ಬೇಲಿ ಬಿದ್ದಿದೆ.

ಈ ಬೇಲಿಯ ಮಾತು ಯಾರದು? 1916ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತೈದು ವರ್ಷದ ಭೀಮರಾವ್ ಒಂದು ಪ್ರಬಂಧ ಓದಿದರು. ಜಾತಿಯ ಜೀವಾಳ ಒಳಮದುವೆ, ಬೆರೆತಿದ್ದ ಜನರ ಮೇಲೆ ಅದನ್ನು ಹೇರಿದ್ದರಿಂದಲೇ ಜಾತಿಯಾಯಿತು ಎಂದರು. ನೂರು ವರ್ಷ ಕಳೆದ ಮೇಲೆ, ರಕ್ತದ ಪರೀಕ್ಷೆ ಅದೇ ಬೇಲಿಯ ಗುರುತು ಹೇಳುತ್ತಿದೆ. ಅದೇ ಪ್ರಬಂಧದ ಕೊನೆಯಲ್ಲಿ, ಇದು ಕೊನೆಯ ಮಾತಲ್ಲ, ಆಧಾರವಿಲ್ಲವೆಂದು ತೋರಿಸಿದರೆ ಬಿಡಲು ಸಿದ್ಧ ಎಂದೂ ಆ ಯುವಕ ಹೇಳಿದ್ದ. ಒಬ್ಬನೇ ಮನುಷ್ಯನ ಬರಹದಲ್ಲಿ ಒಂದು ಮಾತು ಕಾಲಕ್ಕೆ ಸಿಕ್ಕಿ ಸವೆದಿದೆ, ಇನ್ನೊಂದು ಗಟ್ಟಿಯಾಗಿದೆ. ಯಾವುದು ಯಾವುದೆಂದು ಓದದೆ ತಿಳಿಯುವುದಿಲ್ಲ.

ಇಷ್ಟು ಬರೆದಾಗ ಸಂಘಟನೆಯ ಗೆಳೆಯರು ಕೇಳಿದರು: 'ಇದನ್ನೆಲ್ಲ ಬರೆದರೆ ಶತ್ರುಗಳ ಕೈಗೆ ಕತ್ತಿ ಕೊಟ್ಟಂಗಾಗಲ್ವ?' ಪ್ರಶ್ನೆ ಸುಳ್ಳಲ್ಲ. ಆರ್ಯರು ಹೊರಗಿನಿಂದ ಬರಲಿಲ್ಲ ಅಂತ ಅಂಬೇಡ್ಕರೇ ಹೇಳಿದ್ದಾರೆ, ಎಲ್ಲರೂ ಒಂದೇ, ಇನ್ನೇಕೆ ಜಗಳ ಎನ್ನುವವರು ಈಗಾಗಲೇ ಇದ್ದಾರೆ. ಅವರು ಆ ಪುಸ್ತಕದ ಒಂದು ಅಧ್ಯಾಯ ಹಿಡಿದುಕೊಂಡು ಉಳಿದದ್ದನ್ನು ಮುಚ್ಚುತ್ತಾರೆ. ಬಾಬಾಸಾಹೇಬರು ಜನಾಂಗದ ವಾದವನ್ನು ಬಿಟ್ಟದ್ದು ಜಾತಿಯ ಅಪರಾಧವನ್ನು ಹಗುರ ಮಾಡುವುದಕ್ಕಲ್ಲ. ಹೊರಗಿನವನು ಮಾಡಿದ್ದಲ್ಲ, ಒಂದೇ ಜನ ತಮ್ಮವರಿಗೇ ಕಟ್ಟಳೆ ಬರೆದು ಮಾಡಿದ್ದು ಎಂದಾಗ ಅಪರಾಧ ಇನ್ನೂ ಭಾರವಾಗುತ್ತದೆ. ಇದನ್ನು ಅವರಿಗೆ ಎದುರುತ್ತರವಾಗಿ ಹೇಳಬೇಕಾದರೆ ನಾವು ಪುಸ್ತಕ ಪೂರ್ತಿ ಓದಿರಬೇಕು. ಆವತ್ತು ಮೇಷ್ಟ್ರ ಬದಲು ಅಂಥವನೊಬ್ಬ ಎದುರಿಗಿದ್ದರೆ ನಮ್ಮ ಗತಿ ಏನಾಗುತ್ತಿತ್ತು?

ನಮ್ಮ ತಾತ ಕುಳವಾಡಿಯಾಗಿದ್ದರು. ಸಹಿ ಹಾಕಲು ಬರುತ್ತಿರಲಿಲ್ಲ. ಹೊಲದ ಬದುವಿನ ತಕರಾರು ಬಂದಾಗ ಗೌಡರೂ ಅವರ ಬಾಯಿ ನೋಡುತ್ತಿದ್ದರಂತೆ. ಅವ್ವ ಹೇಳುವ ಪ್ರಕಾರ ತಾತ ಒಂದು ಕಲ್ಲಿನವರೆಗೆ ನಡೆದು ತೋರಿಸಿ, 'ಇಲ್ಲೀಗಂಟ ನಾ ಬಲ್ಲೆ, ಅತ್ಲಾಗೆ ಪಕ್ಕದೂರಿನ ಕುಳವಾಡೀನ ಕೇಳಿ' ಅಂದುಬಿಡುತ್ತಿದ್ದರು. ಗೊತ್ತಿಲ್ಲದ ಕಡೆ ಬೆರಳು ತೋರಿಸಿದ್ದರೆ ಎರಡು ಮನೆ ತಲೆ ಒಡೆದುಕೊಳ್ಳುತ್ತಿದ್ದವು. ಹಾಗೆ ಅಂದಿದ್ದಕ್ಕೆ ತಾತನನ್ನು ಯಾರೂ ದಡ್ಡ ಅನ್ನಲಿಲ್ಲ, ಮುಂದಿನ ತಕರಾರಿಗೂ ಅವರನ್ನೇ ಕರೆದರು.

ನಾವು ಮೇಷ್ಟ್ರ ಮನೆಗೆ ಹೋಗಿ, ಆವತ್ತು ಹೇಳಿದ್ದು ಸುಳ್ಳು, ಓದದೆ ಹೇಳಿದ್ದೆ ಅಂದೆವು. ಅವರು ಬಯ್ಯಲಿಲ್ಲ. 'ಹಂಗಾರೆ ಈಗ ಓದಿದ್ದೀಯಲ್ಲ, ಕೂತ್ಕೊ, ಏನೈತೆ ಹೇಳು' ಅಂದರು. ಮುನ್ನುಡಿಯಿಂದ ಶುರು ಮಾಡಿದೆವು. ಕೆಲವು ಕಡೆ ಅವರು ಕೇಳಿದ್ದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ಅಂಥ ಪ್ರಶ್ನೆಗಳನ್ನು ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಬರೆದುಕೊಂಡಿದ್ದೇವೆ. ಮುಂದಿನ ಜಯಂತಿಗೆ ಯಾರನ್ನಾದರೂ ಭಾಷಣಕ್ಕೆ ಕರೆಯುವ ಬದಲು, ಈ ಮುನ್ನುಡಿಯನ್ನು ಕೇರಿಯಲ್ಲಿ ಗಟ್ಟಿಯಾಗಿ ಓದಿ ಆ ಪ್ರಶ್ನೆಗಳನ್ನು ಎಲ್ಲರ ಮುಂದಿಡಬೇಕೆಂದಿದ್ದೇವೆ. ಬೇರೆ ಊರುಗಳ ಗೆಳೆಯರೂ, ಮೇಷ್ಟ್ರುಗಳೂ ಹೀಗೆ ಮಾಡಲಿ. ಉತ್ತರ ಗೊತ್ತಿದ್ದವರು ಬರೆಯಲಿ, ಗೊತ್ತಿಲ್ಲದವರು ಇನ್ನೊಂದು ಪ್ರಶ್ನೆ ಕಳಿಸಲಿ.