ರೂಢಿಗೆ ಸಾಕ್ಷಿ ಯಾರು?

ಮಧುರೆ ಸೀಮೆಯ ಬಗ್ಗೆ 1868ರಲ್ಲಿ ದಪ್ಪನೆಯ ಕೈಪಿಡಿ ಬರೆದ ಜೇಮ್ಸ್ ಹೆನ್ರಿ ನೆಲ್ಸನ್, 1877ರಲ್ಲಿ ಮದ್ರಾಸ್ ಹೈಕೋರ್ಟಿನ ಜೊತೆಗೇ ಜಗಳಕ್ಕೆ ಇಳಿದ. ಆ ಕೋರ್ಟು ನಡೆಸುತ್ತಿದ್ದ ಹಿಂದೂ ಕಾನೂನನ್ನು ಜರೆಯುವುದಕ್ಕೆಂದೇ ಒಂದು ಪುಸ್ತಕ ಬರೆದ. ಮಿತಾಕ್ಷರದ ಹೆಸರೂ ಕೇಳಿರದ ಒಕ್ಕಲು ಜಾತಿಗಳ ಮೇಲೆ ಸಂಸ್ಕೃತ ಗ್ರಂಥವನ್ನು ಹೇರುವುದು ಅನ್ಯಾಯ, ಅವರವರ ರೂಢಿಯೇ ಅವರವರ ಕಾನೂನು ಎಂಬುದು ಅವನ ವಾದ. ನ್ಯಾಯಮೂರ್ತಿ ಇನ್ನೆಸ್ 1882ರಲ್ಲಿ ಅದಕ್ಕೆ ಪುಸ್ತಕದಲ್ಲೇ ಉತ್ತರ ಕೊಟ್ಟರು. ನೆಲ್ಸನ್ ಬೆನ್ನಿಗೆ ಒಂದು ಬಲವಿತ್ತು. ರಾಮನಾಥಪುರ ಜಮೀನ್ದಾರಿಯ ದತ್ತು ವ್ಯಾಜ್ಯದಲ್ಲಿ, ಅದೇ 1868ರಲ್ಲಿ, ರೂಢಿಗೆ ಸ್ಪಷ್ಟ ಪುರಾವೆ ಇದ್ದರೆ ಅದು ಶಾಸ್ತ್ರದ ಮಾತಿಗಿಂತ ಮೇಲು ಎಂದು ಪ್ರಿವಿ ಕೌನ್ಸಿಲ್ ಒಪ್ಪಿಕೊಂಡಿತ್ತು. ಆ ವ್ಯಾಜ್ಯದ ಒಂದು ಕಕ್ಷಿ ಮಧುರೆಯ ಕಲೆಕ್ಟರ್.

ನೆಲ್ಸನ್ ವಾದವನ್ನು ಕಂಬಂ ಕಣಿವೆಯಲ್ಲಿಟ್ಟು ನೋಡಬೇಕು. ಆಗ ಮಧುರೆ ಜಿಲ್ಲೆಗೇ ಸೇರಿದ್ದ, ಈಗ ತೇಣಿಯಾಗಿರುವ ಆ ನೆಲದಲ್ಲಿ ಮನೆಯೊಳಗೆ ಕನ್ನಡ ಆಡುವ ಕಪ್ಪಿಲಿಯರು, ಅನುಪ್ಪರು ಇದ್ದಾರೆ. ತಾವು ಮೈಸೂರು ಸೀಮೆ ಬಿಟ್ಟು ಬಂದವರೆಂದು ಅವರ ಐತಿಹ್ಯ. ಇಲ್ಲೊಂದು ತಮಾಷೆಯಿದೆ. ನೆಲ್ಸನ್ ಪರಕೀಯವೆಂದು ದೂರಿದ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿದ್ದವನು. ಕನ್ನಡ ನಾಡಿನಿಂದ ಹೊರಟ ಗ್ರಂಥವೂ ಕನ್ನಡ ನಾಡಿನಿಂದ ಹೊರಟ ಒಕ್ಕಲೂ ಮಧುರೆಯ ಕಚೇರಿಯಲ್ಲಿ ಮುಖಾಮುಖಿಯಾದಾಗ ಒಬ್ಬರಿಗೊಬ್ಬರ ಗುರುತಿರಲಿಲ್ಲ.

ಗ್ರಂಥ ಇವರದಲ್ಲ ಎಂದದ್ದು ಸರಿ. ಆದರೆ ರೂಢಿ ಎಂದರೆ ಯಾರ ಮಾತು? ನೆಲ್ಸನ್ ಈ ಪ್ರಶ್ನೆಯನ್ನು ಎತ್ತಿಕೊಳ್ಳುವುದಿಲ್ಲ. 1906ರ ಮಧುರೆ ಗೆಜೆಟಿಯರಿನಲ್ಲಿ ಡಬ್ಲ್ಯು. ಫ್ರಾನ್ಸಿಸ್ ಬರೆದಿರುವ ಪ್ರಕಾರ, ಕಪ್ಪಿಲಿಯರಲ್ಲಿ ಸೋದರತ್ತೆಯ ಮಗಳ ಮೇಲೆ ಗಂಡಿಗಿದ್ದ ಹಕ್ಕು ಎಷ್ಟು ಬಿಗಿಯೆಂದರೆ ವಯಸ್ಸು ಹೊಂದದ ಜೋಡಿಗಳು ಸಾಮಾನ್ಯವಾಗಿದ್ದವು. ಹಕ್ಕು ಗಂಡಿನದು. ಹೆಣ್ಣು ಒಪ್ಪಿದಳೇ ಎಂಬುದು ಅಲ್ಲಿ ದಾಖಲಾಗಿಲ್ಲ. ಹೊರಗಿನ ಅಧಿಕಾರಿಯ ಬರಹವನ್ನು ಅನುಮಾನದಿಂದಲೇ ಓದಬೇಕು, ನಿಜ. ಆದರೆ ಕೇಳುವವನು ಅಧಿಕಾರಿ, ಹೇಳುವವನು ಊರ ಗೌಡ ಆದಾಗ ಕಾಗದಕ್ಕೆ ಇಳಿಯುವ ರೂಢಿ ಇಂಥದ್ದೇ.

1955ರ ಹಿಂದೂ ವಿವಾಹ ಕಾಯ್ದೆ ನೆಲ್ಸನ್‌ಗೆ ಅರ್ಧ ಗೆಲುವು ಕೊಟ್ಟಿತು. ಅಣ್ಣ-ತಂಗಿಯರ ಮಕ್ಕಳು ಮದುವೆಯಾಗಕೂಡದು, ಸೋದರಮಾವ ಅಕ್ಕನ ಮಗಳನ್ನು ತರಕೂಡದು. ಆದರೆ ರೂಢಿಯಿದ್ದರೆ ಆಗಬಹುದು. ರೂಢಿ ತೋರಿಸಲಾಗದಿದ್ದರೆ ಮದುವೆ ಅಸಿಂಧು. ಅಷ್ಟೇ ಅಲ್ಲ, 18ನೇ ಕಲಮಿನಡಿ ಒಂದು ತಿಂಗಳವರೆಗೆ ಸಾದಾ ಸಜೆ, ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕುಟುಂಬ ಕಾನೂನು ಎಲ್ಲಿ ಮುಗಿಯುತ್ತದೆ, ಕ್ರಿಮಿನಲ್ ಕಾನೂನು ಎಲ್ಲಿ ಶುರುವಾಗುತ್ತದೆ ಎಂದು ಕೇಳುವವರಿಗೆ ಉತ್ತರ ಈ ಕಲಮಿನಲ್ಲೇ ಇದೆ.

ವಯಸ್ಸಿನ ವಿಷಯದಲ್ಲಿ ಮಾತ್ರ ರೂಢಿಗೆ ರಿಯಾಯಿತಿ ಇಲ್ಲ, ಅದು ಸರಿಯಾದದ್ದೇ. ಆದರೂ ರಾಜ್ಯದಿಂದ ರಾಜ್ಯಕ್ಕೆ ಫಲ ಬೇರೆ. 2006ರ ಕೇಂದ್ರ ಕಾಯ್ದೆಯಲ್ಲಿ ಬಾಲ್ಯವಿವಾಹ ಸಾಮಾನ್ಯವಾಗಿ ರದ್ದುಮಾಡಿಸಬಹುದಾದ ಮದುವೆಯಷ್ಟೇ. ಕೋರ್ಟಿಗೆ ಹೋಗದಿದ್ದರೆ ಅದು ಉಳಿಯುತ್ತದೆ. ಕರ್ನಾಟಕ 2016ರ ತಿದ್ದುಪಡಿಯಿಂದ ಅದನ್ನು ಮೊದಲಿನಿಂದಲೇ ಅಸಿಂಧು ಮಾಡಿತು. ಆಸ್ತಿಯಲ್ಲಿ ತಮಿಳುನಾಡೇ ಮುಂದಿತ್ತು. ಕೂಡು ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲನ್ನು ಅಲ್ಲಿ 25-3-1989ರಿಂದ ಕೊಟ್ಟರೆ, ಕರ್ನಾಟಕದಲ್ಲಿ 1994ರ ತನಕ ಕಾಯಬೇಕಾಯಿತು. ಆಯಾ ರಾಜ್ಯದ ಕಾನೂನು ಜಾರಿಗೆ ಬರುವ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟ ಗೆರೆಯನ್ನು 2005ರ ಕೇಂದ್ರ ತಿದ್ದುಪಡಿ ಅಳಿಸಿತು. ಪೆರಿಯಾರ್ ನೀರು ಕುಡಿದು ದ್ರಾಕ್ಷಿ, ಭತ್ತ ಬೆಳೆಯುವ ಕಣಿವೆಯಲ್ಲಿ ಈ ಪಾಲು ಬರೀ ಕಾಗದದ ಮಾತಲ್ಲ. ಸೋದರಿಕೆಯ ಮದುವೆಯ ಒಳಗುಟ್ಟೂ ಬಹುಮಟ್ಟಿಗೆ ಹೊಲವೇ ಎಂಬುದು ನನ್ನ ಅನಿಸಿಕೆ: ಮಗಳ ಪಾಲು ಮನೆತನದ ಬದು ದಾಟುವುದಿಲ್ಲ.

ಇವತ್ತಿನ ಕಾನೂನು ನಿಜವಾಗಿ ಸೋಲುವುದು ಬಿಡುಗಡೆಯಲ್ಲಿ. ವಿವಾಹ ಕಾಯ್ದೆಯ 29(2)ನೇ ಕಲಮು ಜಾತಿಯ ರೂಢಿಯಂತೆ ಆಗುವ ವಿಚ್ಛೇದನವನ್ನು ಉಳಿಸಿಕೊಟ್ಟಿದೆ. ಹಿರಿಯರು ಕೂತು, ಒಡವೆ-ಪಾತ್ರೆ ಲೆಕ್ಕ ಚುಕ್ತಾ ಮಾಡಿಸಿ, ಛಾಪಾ ಕಾಗದದ ಮೇಲೆ ಸಹಿ ಹಾಕಿಸಿದರೆ ಸಂಬಂಧ ಮುಗಿಯಿತೆಂದು ಎರಡೂ ಮನೆಯವರು ನಂಬುತ್ತಾರೆ. ಕರ್ನಾಟಕದಿಂದ ಹೋದ ಯಮನಾಜಿ ಜಾಧವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದ್ದು, ಇಂಥ ರೂಢಿ ಸಾಮಾನ್ಯ ಕಾನೂನಿಗೆ ಹೊರತಾದದ್ದು, ಅದನ್ನು ವಾದದಲ್ಲಿ ಎತ್ತಿ ಸಾಬೀತು ಮಾಡಲೇಬೇಕು ಎಂದು. ಕಾಗದ ಒಂದೇ ಸಾಲದು. ಸಾಬೀತಾಗದಿದ್ದರೆ ಮೊದಲ ಮದುವೆ ಹಾಗೇ ನಿಂತಿರುತ್ತದೆ. ಎರಡನೆಯದನ್ನು ಮಾಡಿಕೊಂಡವರ ಮೇಲೆ ದ್ವಿಪತ್ನಿತ್ವದ, ದ್ವಿಪತಿತ್ವದ ಮೊಕದ್ದಮೆ, ಏಳು ವರ್ಷದವರೆಗೆ ಸಜೆ. ಹಳೆಯ 494ನೇ ಕಲಮು 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 82 ಆಗಿದೆ, ಸಜೆ ಬದಲಾಗಿಲ್ಲ. ಎರಡನೆಯ ಹೆಂಡತಿಯ ಜೀವನಾಂಶವೂ ಹಲವೊಮ್ಮೆ ಅದೇ ಪುರಾವೆಗೆ ನೇತುಬೀಳುತ್ತದೆ. ಆ ರೂಢಿಗೆ ಸಾಕ್ಷಿ ಹೇಳಬೇಕಾದವರು ಮತ್ತದೇ ಹಿರಿಯ ಗಂಡಸರು. ಅವರು ಅವಳ ಕಡೆ ನಿಲ್ಲದಿದ್ದರೆ ರೂಢಿಯೇ ಇರಲಿಲ್ಲವೆಂದಾಗುತ್ತದೆ.

ಹಿರಿಯರ ಕೂಟವನ್ನೇ ಮುಚ್ಚಬೇಕೆಂದು ನಾನು ಹೇಳುತ್ತಿಲ್ಲ. ಬೆದರಿಸಿ ತೀರ್ಪು ಕೊಡುವ ಕಟ್ಟಪಂಚಾಯಿತಿಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನದೇ ಒಂದು ಪ್ರಕರಣದಲ್ಲಿ ಕಾನೂನುಬಾಹಿರ ಎಂದಿದೆ, ಅದಕ್ಕೆ ಎರಡು ಮಾತಿಲ್ಲ. ಒಡವೆಯ ಲೆಕ್ಕ, ಮಕ್ಕಳ ಹೊಣೆ ಇವನ್ನು ಕೂತು ಬಗೆಹರಿಸುವುದು ಬೇರೆ. ಅದನ್ನು ಕೂಟ ಮಾಡಲಿ. ಮುಗಿದ ಮೇಲೆ ಅದೇ ಕಾಗದ ಹಿಡಿದು ಇಬ್ಬರೂ 13ಬಿ ಕಲಮಿನಡಿ ಪರಸ್ಪರ ಒಪ್ಪಿಗೆಯ ಅರ್ಜಿ ಹಾಕಿ ಡಿಕ್ರಿ ತರಲಿ. ಒಂದು ವರ್ಷ ಬೇರೆ ಬಾಳಿರಬೇಕು, ನಂತರ ಆರು ತಿಂಗಳು ಕಾಯಬೇಕು. ಈ ಆರು ತಿಂಗಳನ್ನು ತಕ್ಕ ಕಾರಣವಿದ್ದರೆ ಕೋರ್ಟು ಬಿಡಬಹುದೆಂದು 2017ರಲ್ಲಿ ತೀರ್ಪಾಗಿದೆ. ಡಿಕ್ರಿ ಕೈಯಲ್ಲಿದ್ದ ಹೆಣ್ಣು ರೂಢಿಯ ಸಾಕ್ಷಿಗಾಗಿ ಯಾವ ಗೌಡನ ಮನೆಗೂ ಹೋಗಬೇಕಿಲ್ಲ.