ಅತಿಶುದ್ಧಿಯ ದೋಷ

ರಾಜ್ಯೋತ್ಸವದ ಕಾಲಕ್ಕೆ ಠಾಣೆ, ಕಲ್ಯಾಣ, ಡೊಂಬಿವಲಿಗಳಲ್ಲಿ ಕನ್ನಡದ ಫಲಕಗಳು ಮೇಲೇರುತ್ತವೆ. ಅವುಗಳಲ್ಲಿ ಒಂದೆರಡರಲ್ಲಾದರೂ 'ಹಾರ್ಧಿಕ ಸ್ವಾಗತ', 'ಶುಭಾಷಯ' ಎಂಬ ರೂಪಗಳು ಕಾಣದಿರಲಾರವು. ಇವನ್ನು ಅಜ್ಞಾನದ ತಪ್ಪುಗಳೆಂದು ತಳ್ಳಿಬಿಡುವುದು ವಾಡಿಕೆ. ಆದರೆ ಬರಿಯ ಅಜ್ಞಾನವಾಗಿದ್ದರೆ ಬರೆದವನು ತನ್ನ ಬಾಯಲ್ಲಿದ್ದಂತೆ 'ಹಾರ್ದಿಕ' ಎಂದೇ ಬರೆದು ಗೆದ್ದುಬಿಡುತ್ತಿದ್ದನು! ಮಹಾಪ್ರಾಣವನ್ನು ಎಲ್ಲಿ ನುಂಗಿಬಿಡುವೆನೋ ಎಂಬ ಅಳುಕೇ ಅವನಿಂದ ಬೇಡದ ಕಡೆ ಅದನ್ನು ಬರೆಯಿಸಿತು. ಹಾಲಿಗೆ 'ಆಲು' ಎಂದು ಬೈಸಿಕೊಂಡ ಮಗು ಮರುದಿನ ಆನೆಯನ್ನು 'ಹಾನೆ' ಎನ್ನುವುದೂ ಇದೇ ಬಗೆ. ನೆರೆಯ ಮರಾಠಿಗರಲ್ಲಿಯೂ 'ಪಾಣಿ'ಯನ್ನು 'ಪಾನಿ' ಎಂದು ನಗೆಗೀಡಾದೇವೆಂಬ ಅಂಜಿಕೆಯಿಂದ ನಕಾರ ಸಲ್ಲುವಲ್ಲಿ ಣಕಾರವನ್ನಾಡುವವರುಂಟು.

ಗ್ರಂಥಸಂಪಾದನೆಯಲ್ಲಿ ಈ ದೋಷಕ್ಕೆ ತೆರಬೇಕಾದ ಬೆಲೆ ಹೆಚ್ಚು. ೞಕಾರವು ಬಾಯಿಮಾತಿನಿಂದ ಮರೆಯಾದ ಮೇಲೆ ಅದು ಎಲ್ಲಿ ಸಲ್ಲುವುದೆಂಬುದನ್ನು ಪಟ್ಟಿಯಿಂದ ಕಲಿಯಬೇಕಾಯಿತು. 13ನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಅಂಥ ಶಬ್ದಗಳನ್ನು ಎಣಿಸಿ ಕೊಟ್ಟಿದ್ದಾನೆ. ಬಾೞ್ ಎಂದರೆ ಬದುಕು, ಬಾಳ್ ಎಂದರೆ ಖಡ್ಗ. ಹಳೆಯದಕ್ಕೆಲ್ಲ ೞಕಾರವೇ ಲಕ್ಷಣವೆಂದು ನಂಬಿದ ಲಿಪಿಕಾರನ ಕೈಯಲ್ಲಿ ವೀರನ ಖಡ್ಗವು ಬದುಕಾಗಿ ಹೋಗುವುದು.

ಇಷ್ಟು ಬಲ್ಲ ನಾನೇ ಎಡವಿದ್ದೇನೆ. ಡೊಂಬಿವಲಿಯಲ್ಲಿ ನೆಲೆಸಿದ್ದ ಧಾರವಾಡದ ಕಡೆಯ ವೃದ್ಧೆಯೊಬ್ಬರ ನೆನಪುಗಳನ್ನು ಬರೆದುಕೊಳ್ಳುತ್ತಿದ್ದಾಗ ಅವರು 'ಮಗ ಬಂದಾನ' ಎಂದರು. ಕೊನೆಯ ಉಕಾರವು ಜಾರಿತೆಂದು ಬಗೆದು, ಶುದ್ಧಪ್ರತಿಯಲ್ಲಿ 'ಮಗ ಬಂದಾನು' ಎಂದು ತಿದ್ದಿದೆನು. ಆ ಸೀಮೆಯಲ್ಲಿ 'ಬಂದಾನ' ಎಂದರೆ ಬಂದಿದ್ದಾನೆ ಎಂದರ್ಥ. ಗ್ರಂಥಭಾಷೆಯ 'ಬಂದಾನು' ಎಂದರೆ ಬಂದರೂ ಬರಬಹುದು. ಮನೆಗೆ ಬಂದು ಕುಳಿತ ಮಗನನ್ನು ನನ್ನ ವ್ಯಾಕರಣವು ಹೊಸ್ತಿಲಾಚೆಗೆ ದೂಡಿತು! ಪ್ರತಿಯನ್ನು ಓದಿ ಹೇಳಿದಾಗ ಆ ತಾಯಿ, "ಬಂದಾನಲ್ರೀ, 'ಬಂದಾನು' ಅಂತ ಯಾಕ ಬರದೀರಿ?" ಎಂದರು.

ನಮ್ಮ ಬ್ಯಾಂಕಿನ ಕಸುಬಿನಲ್ಲಿ ಲೆಡ್ಜರುಗಳನ್ನು ಕೈಯಿಂದ ಬರೆಯುತ್ತಿದ್ದ ಕಾಲಕ್ಕೆ ತಪ್ಪಂಕಿಯನ್ನು ಕೆರೆದು ಅಳಿಸುವಂತಿರಲಿಲ್ಲ. ಹಿಂದಿನ ಅಂಕಿ ಓದಲು ಬರುವಂತೆ ಒಂದೇ ಗೆರೆ ಎಳೆದು, ಮೇಲೆ ಸರಿಯಂಕಿ ಬರೆದು, ತಿದ್ದಿದವನು ಚಿಕ್ಕ ಸಹಿ ಹಾಕಬೇಕು. ತಿದ್ದುಪಡಿಯೇ ತಪ್ಪಾಗಿದ್ದರೆ ತನಿಖೆಗೆ ಬಂದವನು ಅದನ್ನು ಹಿಡಿಯಬಲ್ಲನು. ಅಡಿಟಿಪ್ಪಣಿಯ ಪಾಠಾಂತರವು ಮಾಡುವ ಕೆಲಸವೂ ಇದೇ. ನಮ್ಮ ಸಂಘಗಳ ಸ್ಮರಣಸಂಚಿಕೆಗಳ ಸಂಪಾದಕರು (ನನ್ನನ್ನೂ ಸೇರಿಸಿ) ಹಿರಿಯರ ಮಾತನ್ನು ತಿದ್ದುವಾಗ ಇಷ್ಟು ಎಚ್ಚರವನ್ನು ವಹಿಸುವುದಿಲ್ಲ.

'ಬಂದಾನ'ವನ್ನು ಅದರ ಸ್ಥಳಕ್ಕೆ ಮರಳಿಸಿದೆನು. ಉಳಿದ ಪುಟಗಳಲ್ಲಿ ಇನ್ನೆಷ್ಟು ಕಡೆ ಹೀಗೆ ಕೈಯಾಡಿಸಿದ್ದೆನೋ! ಅವುಗಳ ಮೊದಲ ಕರಡನ್ನು, ಶುದ್ಧಪ್ರತಿ ಸಿದ್ಧವಾಯಿತಲ್ಲ ಎಂದು, ನಾನೇ ಹರಿದುಹಾಕಿದ್ದೆನು.