ಹಳದಿ ಚುಕ್ಕೆಯ ಸಾಕ್ಷ್ಯ

ಜೀವಕೋಶದ ಒಂದು ಪ್ರೋಟೀನಿಗೆ ಹಸಿರು, ಇನ್ನೊಂದಕ್ಕೆ ಕೆಂಪು ಹೊಳೆಯುವ ಬಣ್ಣ ಅಂಟಿಸಿ, ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ತೆಗೆದ ಎರಡು ಚಿತ್ರಗಳನ್ನು ಒಂದರ ಮೇಲೊಂದು ಇಟ್ಟಾಗ ಹಳದಿ ಕಂಡರೆ, ಅವೆರಡೂ ಒಂದನ್ನೊಂದು ಹಿಡಿದುಕೊಂಡಿವೆ ಎಂದು ಬರೆಯುವ ರೂಢಿ ಜೀವವಿಜ್ಞಾನದಲ್ಲಿ ಉಂಟು. ಈ ರೂಢಿಯಿಂದ ಅನ್ಯಾಯವಾಗುವುದು ಆ ಉಪಕರಣಕ್ಕೇ.

1950ರ ದಶಕದಲ್ಲಿ ಹಾರ್ವರ್ಡ್‌ನಲ್ಲಿದ್ದ ಮಾರ್ವಿನ್ ಮಿನ್ಸ್ಕಿಗೆ ಮಿದುಳಿನ ನರಕೋಶಗಳ ಹೆಣಿಗೆಯನ್ನು ನೋಡಬೇಕಿತ್ತು. ದಪ್ಪ ಅಂಗಾಂಶದಲ್ಲಿ ಮೇಲಿನ, ಕೆಳಗಿನ ಪದರಗಳಿಂದ ಬಂದ ಬೆಳಕು ನೋಟವನ್ನೆಲ್ಲ ಮಬ್ಬಾಗಿಸುತ್ತಿತ್ತು. ಅವನು ಬೆಳಕನ್ನು ಒಂದೇ ಬಿಂದುವಿಗೆ ಇಳಿಸಿ, ಮರಳುವ ಬೆಳಕಿನ ಹಾದಿಗೆ ಒಂದು ಪುಟ್ಟ ರಂಧ್ರವನ್ನು ಅಡ್ಡಹಿಡಿದ. ಆ ಬಿಂದುವಿನಿಂದ ಬಂದ ಬೆಳಕು ತೂರುತ್ತದೆ, ಬೇರೆ ಪದರಗಳದ್ದು ಬಹುಪಾಲು ಹೊರಗೇ ಉಳಿಯುತ್ತದೆ. ಹೀಗೆ ಬಿಂದುವಿನಿಂದ ಬಿಂದುವಿಗೆ ಅಳೆಯುತ್ತ ಹೋದರೆ, ಕತ್ತರಿಸದೆಯೇ ಅಂಗಾಂಶದ ತೆಳುಹಾಳೆಯೊಂದು ಮೂಡುತ್ತದೆ. 1961ರಲ್ಲಿ ಪೇಟೆಂಟ್ ಸಿಕ್ಕರೂ, ಜೀವಶಾಸ್ತ್ರಜ್ಞರ ಮೇಜಿಗೆ ಇದು ಬರಲು ಲೇಸರ್ ಮತ್ತು ಕಂಪ್ಯೂಟರ್ ಬೇಕಾದವು. 1987ರಲ್ಲಿ ಕೇಂಬ್ರಿಡ್ಜ್‌ನ ವೈಟ್, ಏಮಸ್, ಫೋರ್ಡಮ್ ಪ್ರಕಟಿಸಿದ ಚಿತ್ರಗಳು ದಾರಿ ತೆರೆದವು. ಇಂದು ಕಣ್ಣಿನ ವೈದ್ಯರು ಕಾರ್ನಿಯಾವನ್ನು ಕೆರೆಯದೆಯೇ ಅದರೊಳಗಿನ ಅಕಾಂತಮೀಬಾ ಸೋಂಕನ್ನು ಇದೇ ತತ್ವದಿಂದ ಹುಡುಕುತ್ತಾರೆ. ಬೇಡದ ಬೆಳಕನ್ನು ಬಿಟ್ಟುಕೊಡುವ ಈ ಸಂಯಮವೇ ನನಗೆ ಇದರ ದೊಡ್ಡಸ್ತಿಕೆ.

ಆದರೆ ಆ ಸಂಯಮಕ್ಕೂ ಮಿತಿಯಿದೆ. ಕಾನ್‌ಫೋಕಲ್ ಬೇರ್ಪಡಿಸಿ ತೋರಿಸಬಲ್ಲ ಅಂತರ ಅಡ್ಡಕ್ಕೆ ಸುಮಾರು 200 ನ್ಯಾನೊಮೀಟರ್, ಆಳಕ್ಕೆ 500ಕ್ಕೂ ಹೆಚ್ಚು. ಪ್ರೋಟೀನಿನ ಅಳತೆಯೋ ಬರೀ ಕೆಲವು ನ್ಯಾನೊಮೀಟರ್. ಒಂದು ಹಳದಿ ಚುಕ್ಕೆಯೊಳಗೆ ಸಾವಿರಾರು ಪ್ರೋಟೀನುಗಳು ಪರಸ್ಪರ ಮುಟ್ಟದೆಯೇ ಇರಬಹುದು. ಒಂದೇ ಬೀದಿಯ ವಿಳಾಸವಿದ್ದ ಮಾತ್ರಕ್ಕೆ ನೆಂಟಸ್ತಿಕೆ ಸಾಬೀತಾಗದು. ಸಾಲದ್ದಕ್ಕೆ ಹಸಿರು ಬಣ್ಣದ ಬೆಳಕು ಕೆಂಪಿನ ಚಾನೆಲ್‌ಗೆ ಸೋರಿದರೂ ಹಳದಿಯೇ ಕಾಣುತ್ತದೆ.

ಈಗ ಕಣ್ಣಂದಾಜು ಬಿಟ್ಟು ಸಹಸಂಬಂಧದ ಗುಣಾಂಕ ಲೆಕ್ಕಹಾಕುತ್ತೇವಲ್ಲ ಎನ್ನಬಹುದು. ಅದು ಒಳ್ಳೆಯ ಹೆಜ್ಜೆಯೇ, ಆದರೆ ಗುಣಾಂಕವೂ ಅದೇ 200 ನ್ಯಾನೊಮೀಟರಿನ ಮಸುಕಿನಿಂದಲೇ ಹುಟ್ಟುತ್ತದೆ. ಚಿತ್ರ ಬರೀ ಸುಳಿವು, ಉಳಿದ ಪ್ರಯೋಗಗಳು ಬೇರೆ ಇರುತ್ತವೆ ಎಂಬ ಮಾತಿಗೆ ಹೆಚ್ಚು ತೂಕವಿದೆ. ಹಾಗಿದ್ದರೆ ಪ್ರಬಂಧವೂ ಅದನ್ನು ಸುಳಿವೆಂದೇ ಕರೆಯಲಿ. ರಂಧ್ರದ ಅಗಲ, ಲೇಸರಿನ ತೀವ್ರತೆ, ಒಂದೊಂದೇ ಬಣ್ಣ ಹಚ್ಚಿ ಸೋರಿಕೆ ಪರೀಕ್ಷಿಸಿದ ಮಾದರಿ, ಇವಿಷ್ಟನ್ನೂ ಚಿತ್ರದ ಪಕ್ಕದಲ್ಲೇ ಕೊಡಲಿ. ಮುಟ್ಟುವಷ್ಟು ಸಾಮೀಪ್ಯವನ್ನೇ ತೋರಿಸಬೇಕೆಂದರೆ ಹತ್ತು ನ್ಯಾನೊಮೀಟರಿನೊಳಗೆ ಮಾತ್ರ ಒಂದು ಬಣ್ಣದಿಂದ ಇನ್ನೊಂದಕ್ಕೆ ಶಕ್ತಿ ದಾಟುವುದನ್ನು ಅಳೆಯುವ ವಿಧಾನವಿದೆ. ಅದನ್ನು ಇದೇ ಸೂಕ್ಷ್ಮದರ್ಶಕದಲ್ಲಿ ಮಾಡಬಹುದು.